ಮೂತ್ರಮಾರ್ಗದ ಒಂದು ವಿರಳ ಅರ್ಬುದ

ಕುಮಟಾ ತಾಲ್ಲೂಕಿನ ಯಾಣವನ್ನು ಕಂಡವರು ಬಹುಮಂದಿ. 120 ಮೀಟರು ಎತ್ತರದ ಭೈರವೇಶ್ವರ ಶಿಖರವನ್ನೂ 90 ಮೀಟರು ಎತ್ತರದ ಮೋಹಿನೀ ಶಿಖರವನ್ನೂ ನೋಡಿ ಬೆರಗಾಗದವರಿಲ್ಲ. ಆದರೆ ಅಲ್ಲಿಯ ಗುಹೆಯಲ್ಲಿ ಹನಿಹನಿಯಾಗಿ ಜಿನುಗುವ ನೀರು ಮುಂದೆ ಎಲ್ಲಿಗೆ ಹೋಗುವುದೆಂದು ವಿಚಾರಿಸುವವರು ಕಡಮೆ. ಅದು ಚಂಡಿಹೊಳೆಯಾಗಿ ಹರಿದು, ಉಪ್ಪಿನಪಟ್ಟಣದಲ್ಲಿ ಅಘನಾಶಿನಿಯನ್ನು ಕೂಡಿ, ತದಡಿಯ ಬಳಿ ಕಡಲಿಗಿಳಿಯುತ್ತದೆ. ಮೇಲಿನ ಹಳ್ಳದಲ್ಲಿ ಬಿದ್ದ ಬೀಜವು ಕೆಳಗಿನ ದಂಡೆಯಲ್ಲಿ ಮೊಳೆಯಬಹುದು; ಕೆಳಗೆ ಬಿದ್ದ ಬೀಜವು ಪ್ರವಾಹಕ್ಕೆದುರಾಗಿ ಮೇಲೇರುವುದು ಅಪರೂಪ. ನಮ್ಮ ದೇಹದಲ್ಲಿಯೂ ಇಂತಹ ಒಂದು ಹೊಳೆಯುಂಟು. ಅದರ ಮೇಲ್ಭಾಗದಲ್ಲಿ ಹುಟ್ಟುವ ವಿರಳವಾದ ಒಂದು ಅರ್ಬುದವನ್ನು, ಎಂದರೆ ಕ್ಯಾನ್ಸರನ್ನು, ಕುರಿತು ಇಲ್ಲಿ ವಿಚಾರ ಮಾಡೋಣ. ಈ ರೋಗದ ಸ್ವಭಾವವನ್ನು ವೈದ್ಯರು ಮಾತ್ರ ಅರಿತಿದ್ದರೆ ಸಾಲದು. ರೋಗಿಯ ಮನೆಯವರೂ ಅರಿತಿರಬೇಕು. ಏಕೆಂದರೆ ಇದರ ಚಿಕಿತ್ಸೆಯಲ್ಲಿ ಅರ್ಧ ಭಾಗವು ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ ನಡೆಯತಕ್ಕದ್ದು.

ಮಾರ್ಗದ ರಚನೆ

ಎರಡು ಮೂತ್ರಪಿಂಡಗಳು ಸೇರಿ ದಿನವೊಂದಕ್ಕೆ ಸುಮಾರು 180 ಲೀಟರು ದ್ರವವನ್ನು ರಕ್ತದಿಂದ ಶೋಧಿಸುತ್ತವೆ. ಅದರಲ್ಲಿ ಬಹುಭಾಗವು ಮರಳಿ ರಕ್ತಕ್ಕೇ ಸೇರಿ, ಸುಮಾರು ಒಂದೂವರೆ ಲೀಟರಷ್ಟು ಮಾತ್ರ ಮೂತ್ರವಾಗಿ ಉಳಿಯುತ್ತದೆ. ಈ ಮೂತ್ರವು ಮೊದಲು ಮೂತ್ರಪಿಂಡದೊಳಗಿನ ಆಲಿಕೆಯಂತಹ ಭಾಗದಲ್ಲಿ ಕೂಡುತ್ತದೆ. ಅಲ್ಲಿಂದ 25ರಿಂದ 30 ಸೆಂಟಿಮೀಟರು ಉದ್ದದ ಮೂತ್ರನಾಳದ ಮೂಲಕ ಇಳಿದು ಮೂತ್ರಾಶಯವನ್ನು ಸೇರುತ್ತದೆ. ಆಲಿಕೆಯಿಂದ ಮೂತ್ರಾಶಯದವರೆಗೂ ಅದರಾಚೆಗೂ ಒಳಗೋಡೆಗೆ ಒಂದೇ ಬಗೆಯ ಪದರವು ಹಾಸಿದೆ. ಇದಕ್ಕೆ ಯೂರೋಥೀಲಿಯಂ ಎಂದು ಹೆಸರು.

ಈ ಪದರದಲ್ಲಿ ಹುಟ್ಟುವ ಅರ್ಬುದಗಳಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಮೂತ್ರಾಶಯದಲ್ಲಿಯೇ ಕಾಣುವಂತಹವು. ಆಲಿಕೆಯಲ್ಲಾಗಲಿ ಮೂತ್ರನಾಳದಲ್ಲಾಗಲಿ ಹುಟ್ಟುವವು ನೂರಕ್ಕೆ ಐದರಿಂದ ಹತ್ತು ಮಾತ್ರ. ನಮ್ಮ ವಿಷಯವು ಈ ಐದು-ಹತ್ತನ್ನು ಕುರಿತದ್ದು. ವಿರಳವಾದುದೆಂದರೆ ವಾಸಿಯಾಗದ್ದೆಂದು ಅರ್ಥವಲ್ಲ. ಸಾಮಾನ್ಯ ವೈದ್ಯರಿಗೆ ಇದನ್ನು ಕಾಣುವ ಸಂದರ್ಭ ಕಡಮೆ, ಆದುದರಿಂದ ಗುರುತಿಸುವುದರಲ್ಲಿ ತಡವಾಗಬಹುದು ಎಂಬಷ್ಟೇ ಅರ್ಥ.

ಮೊದಲ ಸೂಚನೆ

ಈ ರೋಗದ ಮುಖ್ಯ ಲಕ್ಷಣವು ಮೂತ್ರದಲ್ಲಿ ರಕ್ತ. ಅನೇಕ ವೇಳೆ ನೋವಿರುವುದಿಲ್ಲ. ಒಂದು ಲೀಟರು ಮೂತ್ರಕ್ಕೆ ಒಂದು ಮಿಲಿಲೀಟರು ರಕ್ತ ಬೆರೆತರೂ ಬಣ್ಣ ಬದಲಾದುದು ಕಣ್ಣಿಗೆ ಕಾಣುತ್ತದೆ. ಆದರೂ ಜನರು ಮೋಸಹೋಗುವುದುಂಟು. ನಮ್ಮ ಕಡೆ ಇಂತಹದನ್ನು ಕಂಡೊಡನೆ ‘ಉಷ್ಣವಾಗಿದೆ’ ಎನ್ನುತ್ತಾರೆ. ಎಳನೀರನ್ನೋ ಕೊತ್ತಂಬರಿ ನೀರನ್ನೋ ಕುಡಿಸುತ್ತಾರೆ. ಮಾರನೆಯ ದಿನ ಮೂತ್ರವು ತಿಳಿಯಾಗುತ್ತದೆ. ಎಳನೀರಿನಿಂದ ಗುಣವಾಯಿತೆಂದು ಎಲ್ಲರಿಗೂ ಸಮಾಧಾನ. ಆದರೆ ಈ ಗಂಟಿನ ಸ್ವಭಾವವೇ ಹಾಗೆ: ಒಮ್ಮೆ ಒಸರಿ ತಾನಾಗಿಯೇ ನಿಲ್ಲುತ್ತದೆ, ವಾರಗಳೋ ತಿಂಗಳುಗಳೋ ಕಳೆದ ಮೇಲೆ ಮತ್ತೆ ಒಸರುತ್ತದೆ. ಎಳನೀರು ಕುಡಿಯದಿದ್ದರೂ ಅದು ನಿಲ್ಲುತ್ತಿತ್ತು.

ಮೂತ್ರದಲ್ಲಿ ರಕ್ತ ಬಂದವರಿಗೆಲ್ಲ ಅರ್ಬುದವಿರುವುದಿಲ್ಲ. ಕಲ್ಲಿನಿಂದಲೂ ಸೋಂಕಿನಿಂದಲೂ ಹೀಗಾಗುವುದುಂಟು. ಆದರೆ ಕಾರಣವು ಯಾವುದೆಂಬುದನ್ನು ಪರೀಕ್ಷೆಯು ಹೇಳಬೇಕೇ ಹೊರತು ಊಹೆಯಲ್ಲ. ನೋವಿಲ್ಲದೆ ಒಂದೇ ಒಂದು ಸಲ ರಕ್ತ ಕಂಡರೂ, ಅದು ನಿಂತುಹೋದರೂ, ವೈದ್ಯರಲ್ಲಿಗೆ ಹೋಗುವುದು ಕರ್ತವ್ಯ.

ಒಳಗಣ ನೋಟ

ಮೊದಲನೆಯ ಪರೀಕ್ಷೆಯು ಸಾಮಾನ್ಯವಾಗಿ ಶ್ರವಣಾತೀತ ಧ್ವನಿಯದು, ಎಂದರೆ ಅಲ್ಟ್ರಾಸೌಂಡ್. ಎರಡು ಬೇರೆ ಬೇರೆ ವಸ್ತುಗಳ ಎಲ್ಲೆಯಲ್ಲಿ ಧ್ವನಿಯು ಪ್ರತಿಫಲಿಸುವುದೇ ಇದರ ಮೂಲತತ್ತ್ವ. ಮೂತ್ರಪಿಂಡವೂ ಮೂತ್ರಾಶಯವೂ ಇದರಲ್ಲಿ ಚೆನ್ನಾಗಿ ಕಾಣುತ್ತವೆ. ಆದರೆ ಕರುಳಿನ ಹಿಂದೆ ಅಡಗಿರುವ ಕಿರಿದಾದ ಮೂತ್ರನಾಳದಲ್ಲಿನ ಸಣ್ಣ ಗಂಟು ಕಾಣದೆ ಹೋಗಬಹುದು. ಕರುಳಿನಲ್ಲಿರುವ ವಾಯುವು ಧ್ವನಿಯನ್ನು ಮುಂದಕ್ಕೆ ಬಿಡದಿರುವುದೇ ಇದಕ್ಕೆ ಒಂದು ಕಾರಣ. ಆದುದರಿಂದ ಈ ಪರೀಕ್ಷೆಯಲ್ಲಿ ಏನೂ ಕಾಣಲಿಲ್ಲವೆಂಬುದು ಕೊನೆಯ ಮಾತಾಗಲಾರದು.

ಮುಂದಿನದು ಸಿ.ಟಿ. ಯೂರೋಗ್ರಾಂ. ನಮ್ಮ ಮೃದು ಅಂಗಗಳು ಬಹುಮಟ್ಟಿಗೆ ಇಂಗಾಲ, ಆಮ್ಲಜನಕ ಮುಂತಾದ ಹಗುರ ಪರಮಾಣುಗಳಿಂದಾದವು. ಕ್ಷಕಿರಣಗಳಿಗೆ ಅವು ಅಷ್ಟಾಗಿ ಅಡ್ಡಬರುವುದಿಲ್ಲ. ಅಯೋಡಿನ್ ಪರಮಾಣುವಿನ ಕ್ರಮಾಂಕ 53; ಅದು ಕ್ಷಕಿರಣಗಳನ್ನು ಬಲವಾಗಿ ಹೀರುತ್ತದೆ. ಅಯೋಡಿನ್ ಬೆರೆತ ದ್ರವವನ್ನು ರಕ್ತಕ್ಕೆ ಚುಚ್ಚಿದರೆ ಅದು ಮೂತ್ರದೊಡನೆ ಇಳಿಯುವಾಗ ಇಡೀ ಮಾರ್ಗವು ಬೆಳ್ಳಗೆ ತೋರುತ್ತದೆ. ಗಂಟಿರುವಲ್ಲಿ ಬೆಳ್ಳಗಿನ ನಡುವೆ ಒಂದು ಬರಿದಾದ ಜಾಗ ಉಳಿಯುತ್ತದೆ. ಕೊನೆಯದಾಗಿ, ಗಾಜಿನ ನವಿರಾದ ಎಳೆಗಳಲ್ಲಿ ಬೆಳಕು ಸಂಪೂರ್ಣ ಆಂತರಿಕ ಪ್ರತಿಫಲನದಿಂದ ಬಾಗಿ ಬಾಗಿ ಸಾಗುವ ತತ್ತ್ವದ ಸಹಾಯದಿಂದ, ತೆಳುವಾದ ದರ್ಶಕವನ್ನು ನಾಳದೊಳಕ್ಕೆ ಕಳುಹಿಸಿ ಗಂಟನ್ನು ಕಣ್ಣಾರೆ ಕಂಡು ಚೂರೊಂದನ್ನು ತೆಗೆದು ಪರೀಕ್ಷಿಸುತ್ತಾರೆ.

ಕಾರಣಗಳು

ಹೊಗೆಸೊಪ್ಪಿನ ಸೇವನೆಯೇ ಪ್ರಧಾನವಾದ ಕಾರಣ. ಬೀಡಿ ಸಿಗರೇಟುಗಳ ವಿಷಾಂಶಗಳು ರಕ್ತದ ಮೂಲಕ ಮೂತ್ರಕ್ಕಿಳಿದು ಈ ಪದರದ ಮೇಲೆ ಗಂಟೆಗಟ್ಟಲೆ ನಿಲ್ಲುತ್ತವೆ. ಬಣ್ಣದ ಕಾರ್ಖಾನೆಯ ಕೆಲಸಗಾರರಲ್ಲಿ ಮೂತ್ರಾಶಯದ ಅರ್ಬುದ ಬರುವುದನ್ನು ಜರ್ಮನಿಯ ಲುಡ್ವಿಗ್ ರೇನ್ ಎಂಬ ಶಸ್ತ್ರವೈದ್ಯರು 1895ರಲ್ಲಿಯೇ ತೋರಿಸಿದ್ದರು.

ಇನ್ನೊಂದು ಕಾರಣವು ಮಲೆನಾಡಿನವರು ಗಮನಿಸಬೇಕಾದುದು. ನಮ್ಮ ಕಾಡುಗಳಲ್ಲಿ ಈಶ್ವರಿಬಳ್ಳಿಯೆಂಬ ಬಳ್ಳಿಯುಂಟು. ಅದರ ಬೇರನ್ನು ನಾಟಿ ಔಷಧವಾಗಿ ಬಳಸುವ ರೂಢಿಯೂ ಉಂಟು. ಸಸ್ಯಶಾಸ್ತ್ರದಲ್ಲಿ ಇದು ಅರಿಸ್ಟೊಲೋಕಿಯ ಕುಲಕ್ಕೆ ಸೇರಿದ್ದು. ಕರ್ನಾಟಕದ ರಾಜ್ಯ ಚಿಟ್ಟೆಯೆನಿಸಿದ ಸದರ್ನ್ ಬರ್ಡ್‌ವಿಂಗ್ ಚಿಟ್ಟೆಯ ಮರಿಹುಳುಗಳು ಈ ಕುಲದ ಎಲೆಗಳನ್ನೇ ತಿಂದು ಬೆಳೆಯುತ್ತವೆ. ಹುಳುವಿಗೆ ಆಹಾರವಾದುದು ಮನುಷ್ಯನ ಮೂತ್ರಪಿಂಡಕ್ಕೆ ವಿಷ. ಈ ಕುಲದ ಗಿಡಗಳಲ್ಲಿರುವ ಅರಿಸ್ಟೊಲೋಕಿಕ್ ಆಮ್ಲವು ಮೂತ್ರಪಿಂಡವನ್ನು ಕೆಡಿಸುವುದಲ್ಲದೆ ಮೂತ್ರಮಾರ್ಗದ ಮೇಲ್ಭಾಗದಲ್ಲಿ ಅರ್ಬುದವನ್ನೂ ಉಂಟುಮಾಡುತ್ತದೆ. ಬೆಲ್ಜಿಯಂ ದೇಶದ ಬ್ರಸೆಲ್ಸ್ ನಗರದಲ್ಲಿ ಮೈ ಇಳಿಸುವ ಮದ್ದಿನೊಡನೆ ಈ ಕುಲದ ಗಿಡಮೂಲಿಕೆಯೊಂದನ್ನು ಸೇವಿಸಿದವರ ಮೂತ್ರಪಿಂಡಗಳು ಕೆಟ್ಟುದು 1993ರಲ್ಲಿ ಬೆಳಕಿಗೆ ಬಂತು. ಅಂತಹ 39 ಮಂದಿಯ ಕೆಟ್ಟ ಮೂತ್ರಪಿಂಡಗಳನ್ನೂ ನಾಳಗಳನ್ನೂ ತೆಗೆದು ನೋಡಿದಾಗ 18 ಮಂದಿಯಲ್ಲಿ ಅರ್ಬುದ ಕಂಡಿತೆಂದು 2000ದಲ್ಲಿ ಪ್ರಕಟವಾಯಿತು. ಈ ಬೇರಿನ ಕಷಾಯವನ್ನು ಕುಡಿಯಬಾರದು. ಹಿಂದೆ ಕುಡಿದಿದ್ದರೆ ಸಂಕೋಚಪಡದೆ ವೈದ್ಯರಿಗೆ ತಿಳಿಸಬೇಕು.

ಕೆಲವು ಮನೆತನಗಳಲ್ಲಿ ದೊಡ್ಡ ಕರುಳಿನ ಅಥವಾ ಗರ್ಭಕೋಶದ ಅರ್ಬುದವು ತಲೆಮಾರಿನಿಂದ ತಲೆಮಾರಿಗೆ ಬರುವುದುಂಟು. ಲಿಂಚ್ ಸಿಂಡ್ರೋಮ್ ಎಂಬ ಈ ಆನುವಂಶಿಕ ದೋಷವಿದ್ದವರಿಗೆ ಮೂತ್ರಮಾರ್ಗದ ಈ ರೋಗವೂ ಬರುವ ಸಂಭವ ಹೆಚ್ಚು. ಅಜ್ಜ, ಚಿಕ್ಕಮ್ಮ, ಸೋದರಮಾವಂದಿರ ಕಾಯಿಲೆಗಳನ್ನು ವೈದ್ಯರು ವಿಚಾರಿಸುವುದು ಸುಮ್ಮನೆ ಅಲ್ಲ.

ಚಿಕಿತ್ಸೆ

ಗಂಟು ಚಿಕ್ಕದೂ ಸೌಮ್ಯವೂ ಆಗಿದ್ದರೆ ದರ್ಶಕದ ಮೂಲಕ ಲೇಸರ್ ಬೆಳಕಿನಿಂದ ಸುಟ್ಟು ಮೂತ್ರಪಿಂಡವನ್ನು ಉಳಿಸಬಹುದು. ಉಗ್ರವಾದುದಾದರೆ ಆ ಬದಿಯ ಮೂತ್ರಪಿಂಡ, ಇಡೀ ಮೂತ್ರನಾಳ, ಅದು ಮೂತ್ರಾಶಯವನ್ನು ಸೇರುವ ಅಂಚು ಇಷ್ಟನ್ನೂ ತೆಗೆಯುತ್ತಾರೆ. ‘ಗಂಟು ಇಷ್ಟೇ ಇದ್ದಾಗ ಅಷ್ಟನ್ನೆಲ್ಲ ಏಕೆ ತೆಗೆಯಬೇಕು?’ ಎಂದು ಮನೆಯವರು ಕೇಳುವುದು ಸಹಜ. ಒಳಪದರವು ಒಂದೇ ಆದುದರಿಂದ ಉಳಿದ ತುಂಡಿನಲ್ಲಿ ರೋಗ ಮರಳುವ ಭಯವಿದೆ ಎಂಬುದೇ ಉತ್ತರ. ಉಳಿದ ಒಂದು ಮೂತ್ರಪಿಂಡ ಆರೋಗ್ಯವಾಗಿದ್ದರೆ ದಿನನಿತ್ಯದ ಜೀವನಕ್ಕೆ ಅದು ಸಾಕು. ಶಸ್ತ್ರಚಿಕಿತ್ಸೆಯ ನಂತರ ಕೆಲವರಿಗೆ ಔಷಧಚಿಕಿತ್ಸೆ ಕೊಡುವುದರಿಂದ ರೋಗ ಮರುಕಳಿಸುವುದು ಕಡಮೆಯಾಗುವುದೆಂದು 2020ರಲ್ಲಿ ಪ್ರಕಟವಾದ ಬ್ರಿಟನ್ನಿನ ಒಂದು ಪರೀಕ್ಷಣವು ತೋರಿಸಿದೆ.

ಮನೆಯವರ ಪಾಲು

ಹೊಳೆಯ ಉಪಮಾನವು ಇಲ್ಲಿ ಕೆಲಸಕ್ಕೆ ಬರುತ್ತದೆ. ಮೇಲ್ಭಾಗದ ಗಂಟನ್ನು ತೆಗೆದ ಮೇಲೂ ನೂರರಲ್ಲಿ 22ರಿಂದ 47 ಮಂದಿಗೆ ಮುಂದೆ ಮೂತ್ರಾಶಯದಲ್ಲಿ ಗಂಟು ಕಾಣಿಸಿಕೊಳ್ಳುತ್ತದೆ. ಇನ್ನೊಂದು ಬದಿಯ ಮೇಲ್ಭಾಗದಲ್ಲಿ ಕಾಣುವುದು 2ರಿಂದ 6 ಮಂದಿಗೆ ಮಾತ್ರ. ಆದುದರಿಂದಲೇ ಮೂರನೆಯ ತಿಂಗಳಲ್ಲಿ ಮೂತ್ರಾಶಯವನ್ನು ದರ್ಶಕದಿಂದ ನೋಡಿ, ಅನಂತರವೂ ವೈದ್ಯರು ಹೇಳಿದ ಅವಧಿಗಳಲ್ಲಿ ವರ್ಷಗಟ್ಟಲೆ ನೋಡುತ್ತಿರಬೇಕು. ಬೇಗ ಕಂಡ ಗಂಟನ್ನು ಅನೇಕ ವೇಳೆ ಮೂತ್ರದ ದಾರಿಯಿಂದಲೇ ತೆಗೆಯಬಹುದು. ರೋಗಿಯು ‘ಈಗ ಚೆನ್ನಾಗಿದ್ದೇನೆ, ಮತ್ತೇಕೆ?’ ಎನ್ನುವಾಗ ಜೊತೆಗೆ ಹೊರಡಿಸುವ ಕೆಲಸ ಮನೆಯವರದು.

ಯಾಣದಂತಹ ಊರಿನಿಂದ ಮಣಿಪಾಲಕ್ಕೋ ಹುಬ್ಬಳ್ಳಿಗೋ ಹೋಗುವುದೆಂದರೆ ನೂರು ಕಿಲೋಮೀಟರಿಗೂ ಹೆಚ್ಚಿನ ಪ್ರಯಾಣ. ಬೆಂಗಳೂರಿನ ಕಿದ್ವಾಯಿ ಸಂಸ್ಥೆಯು ಇನ್ನೂ ದೂರ. ಆದುದರಿಂದ ಒಬ್ಬರು ಜವಾಬ್ದಾರಿ ವಹಿಸಿ ಕಾಗದಪತ್ರಗಳನ್ನೆಲ್ಲ ಒಂದು ಕಡತದಲ್ಲಿಡಬೇಕು: ತೆಗೆದ ಗಂಟಿನ ಪರೀಕ್ಷಾವರದಿ, ಶಸ್ತ್ರಚಿಕಿತ್ಸೆಯ ವಿವರ, ರಕ್ತದ ಕ್ರಿಯಾಟಿನಿನ್ ಪ್ರಮಾಣ, ಮುಂದಿನ ಭೇಟಿಯ ದಿನಾಂಕ. ಕೇಳಬೇಕಾದ ಪ್ರಶ್ನೆಗಳನ್ನು ಮನೆಯಲ್ಲಿಯೇ ಬರೆದುಕೊಂಡು ಹೋಗಬೇಕು. 2018ರಲ್ಲಿ ಆರಂಭವಾದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯು ಬಡ ಕುಟುಂಬಗಳ ಆಸ್ಪತ್ರೆಯ ವೆಚ್ಚಕ್ಕೆ ನೆರವಾಗುತ್ತದೆ. ಹೊರಡುವ ಮುನ್ನ ತಾಲ್ಲೂಕಿನ ಸರ್ಕಾರಿ ಆಸ್ಪತ್ರೆಯಲ್ಲಿ ವಿಚಾರಿಸುವುದು ಒಳ್ಳೆಯದು. ಒಂದೇ ಮೂತ್ರಪಿಂಡ ಉಳಿದವರಿಗೆ ಮೈಕೈನೋವಿನ ಮಾತ್ರೆಗಳನ್ನು ವೈದ್ಯರನ್ನು ಕೇಳದೆ ಕೊಡಬಾರದು.

ಇದು ಅಂಟುರೋಗವಲ್ಲ. ತಟ್ಟೆ ಲೋಟಗಳನ್ನು ಬೇರೆ ಇಡಬೇಕಾದುದಿಲ್ಲ. ಬೀಡಿ ಸೇದಿದ್ದರಿಂದ ಬಂತೆಂದು ರೋಗಿಯನ್ನು ಹಳಿಯುವುದರಿಂದ ಪ್ರಯೋಜನವಿಲ್ಲ. ಇಂದೇ ಬಿಡಿಸುವುದರಿಂದ ಪ್ರಯೋಜನವುಂಟು. ರೋಗದ ಹೆಸರನ್ನು ಮುಚ್ಚಿಡುವುದು ಕರುಣೆಯೆಂದು ಹಲವರು ಭಾವಿಸುತ್ತಾರೆ. ಆದರೆ ತನಗೆ ಏನಾಗಿದೆಯೆಂದು ತಿಳಿಯದವನು ಪ್ರತಿ ಮೂರು ತಿಂಗಳಿಗೊಮ್ಮೆ ಪರೀಕ್ಷೆಗೆ ಬರಲು ಹೇಗೆ ಒಪ್ಪಿಯಾನು? ಅವನು ಕೇಳಿದಷ್ಟನ್ನು, ಅವನು ತಾಳುವಷ್ಟನ್ನು, ಸತ್ಯವಾಗಿ ಹೇಳಬೇಕು. ಪರೀಕ್ಷೆಯ ದಿನ ಹತ್ತಿರವಾದಂತೆ ಮನೆಮಂದಿಗೆಲ್ಲ ಕಳವಳವಾಗುವುದು ಸಹಜ. ಆ ಕಳವಳವನ್ನು ಒಬ್ಬರೇ ನುಂಗಿಕೊಳ್ಳದೆ ಹಂಚಿಕೊಳ್ಳಬೇಕು. ಶುಶ್ರೂಷೆ ಮಾಡುವವರ ಊಟ ನಿದ್ರೆಗಳೂ ಲಕ್ಷ್ಯಕ್ಕೆ ಬರತಕ್ಕವು. ವರ್ಷಗಳ ಕಾಲ ನಡೆಯಬೇಕಾದ ಈ ಕಾವಲಿನಲ್ಲಿ ಅವರು ದಣಿದರೆ ತಪ್ಪಿಹೋಗುವುದು ಒಂದು ಭೇಟಿ; ಆ ಒಂದು ಭೇಟಿಯಲ್ಲಿಯೇ ಚಿಕ್ಕ ಗಂಟು ಕಾಣಬೇಕಾಗಿದ್ದಿರಬಹುದು.