ಪಾಸ್‌ವರ್ಡ್ ಸರಿಯಿದ್ದರೆ ಸಾಕೇ?



ಗುಂಡ್ಲುಪೇಟೆಯಿಂದ ಸುಲ್ತಾನ್ ಬತ್ತೇರಿಗೆ ಹೋಗುವ ರಸ್ತೆ ನಮಗೆಲ್ಲ ಗೊತ್ತು. 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಬಂಡೀಪುರದ ಕಾಡಿನೊಳಗೆ ವಾಹನ ಬಿಡುವುದಿಲ್ಲ. ಚಾಲಕನ ಬಳಿ ಲೈಸೆನ್ಸ್ ಇದ್ದರೂ ಚೆಕ್‌ಪೋಸ್ಟ್‌ನಲ್ಲಿ ನಿಲ್ಲಲೇಬೇಕು. ಆಂಬುಲೆನ್ಸ್‌ಗೂ ಅನುಮತಿ ಪಡೆದ ಕೆಲವೇ ಬಸ್ಸುಗಳಿಗೂ ಗೇಟು ತೆರೆಯುತ್ತದೆ.

ಇಲ್ಲಿ ಎರಡು ಪ್ರಶ್ನೆಗಳಿವೆ. ‘ನೀನು ಯಾರು?’ ಎಂಬುದು ಮೊದಲನೆಯದು. ಕಂಪ್ಯೂಟರ್ ವಿಜ್ಞಾನದಲ್ಲಿ ಇದು ಅಥೆಂಟಿಕೇಶನ್. ‘ಈ ದಾರಿಯಲ್ಲಿ ಹೋಗಲು ನಿನಗೆ ಅನುಮತಿ ಇದೆಯೇ?’ ಎಂಬುದು ಎರಡನೆಯದು; ಇದು ಆಥರೈಸೇಶನ್. ಪಾಸ್‌ವರ್ಡ್ ಮೊದಲನೆಯದಕ್ಕೆ ಮಾತ್ರ ಉತ್ತರ.

ಇಮೇಲ್ ಸರ್ವರ್‌ನಲ್ಲಿ ಮೂರು ಮುಖ್ಯ ಸೇವೆಗಳಿವೆ:

1. ಎಸ್‌ಎಂಟಿಪಿ: ಪತ್ರ ಕಳುಹಿಸಲು. ಬಳಕೆದಾರರಿಗೆ ಪೋರ್ಟ್ 587.
2. ಐಮ್ಯಾಪ್: ಪತ್ರವನ್ನು ಸರ್ವರ್‌ನಲ್ಲೇ ಇಟ್ಟು ಓದಲು. ಸುರಕ್ಷಿತ ಪೋರ್ಟ್ 993.
3. ಪಾಪ್3: ಪತ್ರವನ್ನು ನಮ್ಮ ಕಂಪ್ಯೂಟರಿಗೆ ಇಳಿಸಿಕೊಳ್ಳಲು. ಸುರಕ್ಷಿತ ಪೋರ್ಟ್ 995.

ಎಲ್ಲರಿಗೂ ಮೂರೂ ಬೇಕಿಲ್ಲ. ಒಂದು ಕಾಲೇಜಿಗೆ ತನ್ನದೇ ಮೇಲ್ ವ್ಯವಸ್ಥೆ ಇದೆ ಎಂದುಕೊಳ್ಳೋಣ. ವಿದ್ಯಾರ್ಥಿಗಳಿಗೆ ಬ್ರೌಸರ್‌ನಲ್ಲಿ ಮೇಲ್ ಓದಿದರೆ ಸಾಕು. ಕಚೇರಿ ಸಿಬ್ಬಂದಿಗೆ ಐಮ್ಯಾಪ್ ಬೇಕಾಗಬಹುದು. ಲಿನಕ್ಸ್‌ನ ಡವ್‌ಕಾಟ್ ಸರ್ವರ್‌ನಲ್ಲಿ ಪ್ರತಿ ಸೇವೆಗೂ ಬೇರೆ ಬೇರೆ ನಿಷೇಧ ಪಟ್ಟಿ ಇಡಬಹುದು. ಪಟ್ಟಿಯಲ್ಲಿ ಹೆಸರಿದ್ದರೆ ಪಾಸ್‌ವರ್ಡ್ ಸರಿಯಿದ್ದರೂ ಪ್ರವೇಶವಿಲ್ಲ. ಗೂಗಲ್ ವರ್ಕ್‌ಸ್ಪೇಸ್‌ನಲ್ಲಿ ವಿದ್ಯಾರ್ಥಿಗಳನ್ನೂ ಸಿಬ್ಬಂದಿಯನ್ನೂ ಪ್ರತ್ಯೇಕ ಗುಂಪು ಮಾಡಿ, ಒಂದು ಗುಂಪಿಗೆ ಪಾಪ್ ಮತ್ತು ಐಮ್ಯಾಪ್ ಮುಚ್ಚಿ, ಇನ್ನೊಂದಕ್ಕೆ ತೆರೆಯಬಹುದು.

ಇಷ್ಟೆಲ್ಲ ಏಕೆ? ಒಬ್ಬ ವಿದ್ಯಾರ್ಥಿಯ ಪಾಸ್‌ವರ್ಡ್ ಕಳ್ಳರ ಕೈಗೆ ಸಿಕ್ಕಿತು ಎನ್ನಿ. ಎಸ್‌ಎಂಟಿಪಿ ತೆರೆದಿದ್ದರೆ ಅವರು ಆ ಖಾತೆಯಿಂದ ಸಾವಿರಾರು ಮೋಸದ ಪತ್ರ ಕಳುಹಿಸಬಹುದು. ಆಗ ಬೇರೆ ಸರ್ವರ್‌ಗಳು ಇಡೀ ಕಾಲೇಜಿನ ವಿಳಾಸವನ್ನೇ ಕಪ್ಪುಪಟ್ಟಿಗೆ ಸೇರಿಸುತ್ತವೆ. ವಿದ್ಯಾರ್ಥಿವೇತನದ ಬಗ್ಗೆ ಪ್ರಾಂಶುಪಾಲರು ಬರೆದ ಪತ್ರವೂ ಸ್ಪ್ಯಾಮ್‌ಗೆ ಬೀಳುತ್ತದೆ. ತಪ್ಪು ಒಬ್ಬರದು, ನಷ್ಟ ಎಲ್ಲರದು.

ಆದ್ದರಿಂದ ನಿಯಮ ಇಷ್ಟೇ: ಯಾರಿಗೆ ಎಷ್ಟು ಅಗತ್ಯವೋ ಅಷ್ಟೇ ಅನುಮತಿ. ಓದು ಮುಗಿಸಿ ಹೋದವರ, ವರ್ಗವಾದವರ ಖಾತೆಗಳನ್ನು ಆಗಲೇ ಮುಚ್ಚಬೇಕು. ಇದು ಅಪನಂಬಿಕೆಯಲ್ಲ. ನಮಗೆ ಕೊಟ್ಟ ಖಾತೆ ಒಂದು ಅಮಾನತ್. ಅದನ್ನು ಕಾಯುವುದು ನಮ್ಮ ಹೊಣೆ.

ಯೋಚಿಸಿ: ಗ್ರಂಥಪಾಲಕರಿಗೆ ಪುಸ್ತಕ ಹಿಂತಿರುಗಿಸುವಂತೆ ನೆನಪಿಸುವ ಮೇಲ್ ಕಳುಹಿಸುವುದಷ್ಟೇ ಕೆಲಸ. ಮೂರರಲ್ಲಿ ಯಾವ ಸೇವೆಯನ್ನು ಅವರಿಗೆ ತೆರೆಯುವಿರಿ? ಏಕೆ?