ಚಮಚದಿಂದ ಜಾರಲಿ, ಸುರಿಯದಿರಲಿ

ಮಗುವಿಗೆ ಮೊದಲ ಸಲ ರಾಗಿ ಸರಿ ಕಾಯಿಸುವಾಗ ಹೆಚ್ಚಿನ ಮನೆಗಳಲ್ಲಿ ಒಂದೇ ಅಂಜಿಕೆ: ಕೂಸಿಗೆ ಅರಗದಿದ್ದರೆ? ಆ ಅಂಜಿಕೆಗೆ ಇನ್ನೊಂದು ಲೋಟ ನೀರು ಬೀಳುತ್ತದೆ, ಸರಿ ಮಜ್ಜಿಗೆಯಂತಾಗುತ್ತದೆ. ಮಗು ಹೊಟ್ಟೆ ಬಿರಿಯ ಕುಡಿಯುತ್ತದೆ, ತೂಕ ಮಾತ್ರ ಏರುವುದಿಲ್ಲ. ಈ ವಯಸ್ಸಿನ ಹೊಟ್ಟೆ ಒಂದು ಹೊತ್ತಿಗೆ ಹಿಡಿಯುವುದು ಕಿಲೋ ತೂಕಕ್ಕೆ ಸುಮಾರು 30 ಮಿ.ಲೀ. ಏಳು ಕಿಲೋದ ಮಗುವಿಗೆ ಹೆಚ್ಚೆಂದರೆ 210 ಮಿ.ಲೀ. ಅಷ್ಟನ್ನೂ ನೀರೇ ತುಂಬಿಕೊಂಡರೆ ಹಿಟ್ಟಿಗೆ ಜಾಗವೆಲ್ಲಿ?

ಅರಗುವ ಪ್ರಶ್ನೆ ಪೂರಾ ಸುಳ್ಳಲ್ಲ. ಧಾನ್ಯದ ಪಿಷ್ಟವನ್ನು ಒಡೆಯುವ ಅಮೈಲೇಸ್ ಎಂಬ ಕಿಣ್ವ ಮೊದಲ ತಿಂಗಳುಗಳಲ್ಲಿ ಮೇದೋಜೀರಕದಿಂದ ತೀರಾ ಕಡಿಮೆ ಬರುತ್ತದೆ. ಆರು ತಿಂಗಳ ಹೊತ್ತಿಗೆ ಅದು ಹೆಚ್ಚತೊಡಗುತ್ತದೆ. ಉಳಿದ ಕೆಲಸಕ್ಕೆ ಜೊಲ್ಲು, ಎದೆಹಾಲು ಕೈಜೋಡಿಸುತ್ತವೆ, ಏಕೆಂದರೆ ಎರಡರಲ್ಲೂ ಅಮೈಲೇಸ್ ಇದೆ. ಸರಿ ಶುರುವಾಯಿತೆಂದು ಹಾಲು ಬಿಡಿಸಬಾರದು ಎನ್ನುವುದಕ್ಕೆ ಇದೂ ಒಂದು ಕಾರಣ.

ಯಾವಾಗ ಶುರು?

180 ದಿನ ತುಂಬಿದ ಮೇಲೆ. ಕತ್ತು ನಿಂತಿರಬೇಕು, ಒರಗಿಸಿದರೆ ಕೂರಬೇಕು, ಬಾಯಿಗಿಟ್ಟದ್ದನ್ನು ನಾಲಿಗೆಯಿಂದ ಹೊರದಬ್ಬುವುದು ನಿಂತಿರಬೇಕು. ಹುಟ್ಟುವಾಗ ಮಗು ಹೊತ್ತು ತಂದ ಕಬ್ಬಿಣದ ದಾಸ್ತಾನು ಈ ಹೊತ್ತಿಗೆ ಕರಗುತ್ತಾ ಬಂದಿರುತ್ತದೆ, ಆದ್ದರಿಂದ ತಡ ಮಾಡುವುದೂ ಒಳ್ಳೆಯದಲ್ಲ. ಹೆಣ್ಣುಮಗುವಿಗೆ ಬೆಸ ತಿಂಗಳೆಂದು ಐದರಲ್ಲೇ ಅನ್ನಪ್ರಾಶನದ ಮುಹೂರ್ತ ಇಟ್ಟಿದ್ದರೆ ಜಗಳ ಬೇಡ. ಪಾಯಸ ತುಟಿಗೆ ಸೋಕಿಸಿ ಶಾಸ್ತ್ರ ಮುಗಿಸಿ, ಊಟ ಆರು ತಿಂಗಳು ತುಂಬಿದ ಮೇಲೆ ಶುರುವಾಗಲಿ. ಆದರೆ ಜೇನುತುಪ್ಪ ನೆಕ್ಕಿಸುವ ಶಾಸ್ತ್ರಕ್ಕೆ ಮಾತ್ರ ಒಪ್ಪಬೇಡಿ. ಬೊಟುಲಿಸಂ ಎಂಬ ಅಪಾಯಕಾರಿ ಕಾಯಿಲೆ ತರುವ ಬ್ಯಾಕ್ಟೀರಿಯಾ ಅದರಲ್ಲಿ ಇರಬಹುದು. ವರ್ಷ ತುಂಬುವವರೆಗೆ ಜೇನು ಬೇಡವೇ ಬೇಡ.

ಸರಿ ಹಿಟ್ಟು

ಅರ್ಧ ಕಿಲೋ ರಾಗಿಯ ಕಲ್ಲು, ಕಸ ಆರಿಸಿ, ನೀರು ತಿಳಿಯಾಗುವವರೆಗೆ ಐದಾರು ಸಲ ತೊಳೆಯಿರಿ. ರಾತ್ರಿಯಿಡೀ ನೆನೆಸಿ. ಬೆಳಿಗ್ಗೆ ನೀರು ಬಸಿದು ಒಗೆದ ಬಿಳಿ ಬಟ್ಟೆಯಲ್ಲಿ ಕಟ್ಟಿಡಿ, ಒಣಗದಂತೆ ಆಗಾಗ ನೀರು ಚಿಮುಕಿಸಿ. ಒಂದರಿಂದ ಒಂದೂವರೆ ದಿನದಲ್ಲಿ ಮೊಳಕೆ ಬರುತ್ತದೆ. ಲೋಳೆಯಾದರೆ ಅಥವಾ ಮುಗ್ಗಲು ವಾಸನೆ ಬಂದರೆ ಉಳಿಸಿಕೊಳ್ಳುವ ಆಸೆ ಬೇಡ, ಚೆಲ್ಲಿಬಿಡಿ. ಚೆನ್ನಾಗಿ ಒಣಗಿಸಿ, ಸಣ್ಣ ಉರಿಯಲ್ಲಿ ಘಮ ಬರುವಷ್ಟೇ ಹುರಿದು, ಉಜ್ಜಿ ಬೇರು ಉದುರಿಸಿ ಪುಡಿ ಮಾಡಿ, ತೆಳು ಬಟ್ಟೆಯಲ್ಲಿ ಸೋಸಿ. ಗಿರಣಿಗೆ ಕೊಡುವುದಾದರೆ ಹಿಂದಿನವರು ಖಾರದ ಪುಡಿ ಬೀಸಿಸಿದ್ದಾರೋ ಎಂದು ಕೇಳಿ!

ಮೊಳಕೆಯ ಗುಟ್ಟು ಇಷ್ಟೇ: ಮೊಳೆಯುವ ಕಾಳಿನಲ್ಲೇ ಅಮೈಲೇಸ್ ಹುಟ್ಟುತ್ತದೆ. ಅದು ಪಿಷ್ಟವನ್ನು ಮೊದಲೇ ಸ್ವಲ್ಪ ಒಡೆದಿಡುವುದರಿಂದ ಹಿಟ್ಟು ಹೆಚ್ಚು ಹಾಕಿದರೂ ಗಂಜಿ ಅಂಟಂಟಾಗುವುದಿಲ್ಲ. ಕಬ್ಬಿಣ ಹೀರದಂತೆ ತಡೆಯುವ ಫೈಟೇಟ್ ಕೂಡ ತಗ್ಗುತ್ತದೆ. ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆಯಾದ ಸಿಎಫ್‌ಟಿಆರ್‌ಐ ವಿಜ್ಞಾನಿಗಳು ಮೊಳಕೆ ಧಾನ್ಯದ ಶಿಶು ಆಹಾರದ ಮೇಲೆ 1980ರ ದಶಕದಲ್ಲೇ ಕೆಲಸ ಮಾಡಿದ್ದರು. ನಮ್ಮ ಅಜ್ಜಿಯರು ಅದಕ್ಕೂ ಮೊದಲೇ ಬಟ್ಟೆ ಕಟ್ಟಿದ್ದರು. ಕರಾವಳಿಯ ಕಡೆ ರಾಗಿ ರುಬ್ಬಿ, ಹಾಲು ಹಿಂಡಿ ಮಾಡುವ ಮಣ್ಣಿ ಇನ್ನೂ ನುಣುಪು. ಆದರೆ ರಾಗಿಯ ಸುಣ್ಣದಂಶ ಸಿಪ್ಪೆಯಲ್ಲೇ ಹೆಚ್ಚು, ಹಿಂಡಿ ಎಸೆದ ಚರಟದ ಜೊತೆ ಒಂದಿಷ್ಟು ಹೋಗುತ್ತದೆ.

ಕಾಯಿಸುವುದು, ಉಣಿಸುವುದು

ಒಂದು ದೊಡ್ಡ ಚಮಚ ಹಿಟ್ಟನ್ನು ತಣ್ಣೀರಿನಲ್ಲಿ ಗಂಟಿಲ್ಲದಂತೆ ಕದಡಿ, ಅರ್ಧ ಲೋಟ ನೀರಿನ ಲೆಕ್ಕದಲ್ಲಿ ಸಣ್ಣ ಉರಿಯ ಮೇಲೆ ಹಸಿ ವಾಸನೆ ಹೋಗಿ ಹೊಳಪು ಬರುವವರೆಗೆ ತಿರುವಿ. ಅರ್ಧ ಚಿಕ್ಕ ಚಮಚ ತುಪ್ಪ ಹಾಕಿ. ಉಪ್ಪು, ಸಕ್ಕರೆ, ಬೆಲ್ಲ ಬೇಡ. ಸಪ್ಪೆ ಎನಿಸುವುದು ನಮ್ಮ ನಾಲಿಗೆಗೆ. ಚಮಚ ಓರೆ ಮಾಡಿದರೆ ಸರಿ ನಿಧಾನಕ್ಕೆ ಜಾರಬೇಕು. ತೀರಾ ಗಟ್ಟಿಯಾಯಿತೇ? ನೀರು ಸುರಿಯಬೇಡಿ. ಒಲೆಯಿಂದ ಇಳಿಸಿ ತುಸು ಆರಿದ ಮೇಲೆ ಒಂದು ಚಿಟಿಕೆ ಮೊಳಕೆ ಹಿಟ್ಟು ಕಲಸಿ, ಐದು ನಿಮಿಷ ಬಿಟ್ಟು ಮತ್ತೆ ಒಂದು ಕುದಿ ಬರಿಸಿ. ತಾನೇ ಸಡಿಲವಾಗುತ್ತದೆ.

ಮಗುವನ್ನು ಕೂರಿಸಿಕೊಂಡು ಚಮಚದಲ್ಲಿ ಉಣಿಸಿ. ಕಾಲ ಮೇಲೆ ಮಲಗಿಸಿ ಒಳಲೆಯಲ್ಲಿ ಹೊಯ್ಯುವುದು ಅಪಾಯ, ಶ್ವಾಸನಾಳಕ್ಕೆ ಇಳಿಯಬಹುದು. ಮೊದಲ ದಿನ ಎರಡು ಮೂರು ಚಮಚ ಹೋದರೆ ಸಾಕು. ಎಂಟು ತಿಂಗಳಾಗುವಷ್ಟರಲ್ಲಿ ಹೊತ್ತಿಗೆ ಅರ್ಧ ಲೋಟದಷ್ಟು, ದಿನಕ್ಕೆ ಎರಡು ಮೂರು ಹೊತ್ತು. ಬೆಳಿಗ್ಗೆ ಮಾಡಿದ್ದನ್ನು ಫ್ಲಾಸ್ಕಿನಲ್ಲಿಟ್ಟು ಸಂಜೆಗೂ ಕೊಡುವ ರೂಢಿ ಬಿಡಿ. ಉಗುರು ಬೆಚ್ಚಗಿನ ಗಂಜಿ ಬ್ಯಾಕ್ಟೀರಿಯಾಗಳಿಗೆ ಹಬ್ಬದೂಟ.

ಹೊಸದನ್ನು ಒಂದೊಂದಾಗಿ, ಮೂರು ಮೂರು ದಿನ ನೋಡಿ ಸೇರಿಸಿ: ಅಕ್ಕಿ, ಹೆಸರುಬೇಳೆ, ಗೋಧಿ, ತರಕಾರಿ. ಹದಿನಾರು ಧಾನ್ಯ, ಬಾದಾಮಿ, ಗೋಡಂಬಿ ಒಟ್ಟಿಗೆ ಬೀಸಿದ ಪುಡಿಯನ್ನು ಮೊದಲ ವಾರವೇ ಕೊಟ್ಟರೆ ಮೈ ದದ್ದಿಗೆ ಕಾರಣ ಯಾವುದೆಂದು ಯಾರೂ ಹೇಳಲಾರರು. ಕೆಲವು ವಾರಗಳಲ್ಲಿ ಬೇಳೆ, ಮೊಟ್ಟೆ ಸೇರಲೇಬೇಕು. ತಿನ್ನುವವರ ಮನೆಯಲ್ಲಿ ಮೀನು, ಮಾಂಸವೂ ಆಗಬಹುದು. ಬರೀ ಧಾನ್ಯದಿಂದ ಕಬ್ಬಿಣ ಸಾಲದು.

ಬಟ್ಟೆಯಲ್ಲಿ ಕಾಣುವುದು

ರಾಗಿ ತಿಂದ ಮಗುವಿನ ಮಲದ ಬಣ್ಣ ಗಾಢವಾಗಬಹುದು, ವಾಸನೆಯೂ ಬದಲಾಗುತ್ತದೆ. ಗಾಬರಿ ಬೇಡ. ಮಲ ಗಟ್ಟಿಯಾಗಿ ಮಗು ತಿಣುಕಿ ಅತ್ತರೆ ಕುದಿಸಿ ಆರಿಸಿದ ನೀರನ್ನು ಗುಟುಕು ಗುಟುಕಾಗಿ ಕೊಡಿ, ಪಪ್ಪಾಯ ಅಥವಾ ಕಳಿತ ಬಾಳೆಹಣ್ಣು ಕಿವುಚಿ ತಿನ್ನಿಸಿ. ಮಲದಲ್ಲಿ ರಕ್ತ, ಹಸಿರು ವಾಂತಿ, ಬಿಗಿದು ಉಬ್ಬಿದ ಹೊಟ್ಟೆ, ಆರು ಗಂಟೆ ಮೂತ್ರವಿಲ್ಲದಿರುವುದು, ಮಗು ಸೊರಗಿ ಮಂಕಾಗುವುದು: ಇವುಗಳಲ್ಲಿ ಒಂದು ಕಂಡರೂ ಮನೆಮದ್ದಿಗೆ ಹೊತ್ತು ಕಳೆಯದೆ ಆಸ್ಪತ್ರೆಗೆ ಹೊರಡಿ.

ಭೇದಿಯಾದಾಗ ಹೊಟ್ಟೆಗೆ ವಿಶ್ರಾಂತಿ ಎಂದು ಸರಿ ನಿಲ್ಲಿಸುವುದು ಹಳೆಯ ತಪ್ಪು. ಎದೆಹಾಲು, ಸರಿ ಎರಡೂ ನಡೆಯಲಿ, ಜೊತೆಗೆ ಓಆರ್‌ಎಸ್ ಕೊಡಿ. ವೈದ್ಯರು ಕೊಡುವ ಸತುವಿನ ಮಾತ್ರೆಯನ್ನು ಭೇದಿ ನಿಂತರೂ 14 ದಿನ ಪೂರೈಸಿ. ಭೇದಿ ನಿಂತ ಮೇಲೆ ಎರಡು ವಾರ ದಿನಕ್ಕೊಂದು ಹೊತ್ತು ಹೆಚ್ಚಿಗೆ ಉಣಿಸಿದರೆ ಕಳೆದುಕೊಂಡ ತೂಕ ಮರಳುತ್ತದೆ.