ಜೋಡಿ ಎತ್ತು ಮತ್ತು ಕೋಶದೊಳಗಿನ ಮೋಟಾರು

ಸಂಗೊಳ್ಳಿ ಕಡೆಯ ಎರಿ ಹೊಲದಲ್ಲಿ ಮಳೆ ಬಿದ್ದಾಗ ತುಂಬಿದ ಚಕ್ಕಡಿ ಹುಗಿದರೆ ಏನ್ ಮಾಡ್ತಾರೆ? ಇನ್ನೊಂದು ಜೋಡಿ ಎತ್ತು ಹೂಡ್ತಾರೆ. ಅದರಿಂದ ವೇಗ ಎರಡು ಪಟ್ಟು ಆಗೋದಿಲ್ಲ, ಆದರೆ ಚಕ್ಕಡಿ ನಡುವೆ ನಿಲ್ಲೋದಿಲ್ಲ. ನಮ್ಮ ದೇಹದ ಕೋಶದೊಳಗೂ ಹೆಚ್ಚುಕಡಿಮೆ ಇದೇ ಲೆಕ್ಕ.

ಕೋಶದಲ್ಲಿ ಮೈಕ್ರೋಟ್ಯೂಬ್ಯೂಲ್ ಎಂಬ ಹಳಿಗಳಿವೆ. ಅವುಗಳ ಮೇಲೆ ಕೈನೆಸಿನ್, ಡೈನೀನ್ ಎಂಬ ಪ್ರೋಟೀನ್ ಮೋಟಾರುಗಳು ಎಟಿಪಿ ಇಂಧನ ಬಳಸಿ ಸರಕು ಸಾಗಿಸುತ್ತವೆ. ಕೈನೆಸಿನ್‌ನ ಒಂದು ಹೆಜ್ಜೆ 8 ನ್ಯಾನೋಮೀಟರ್. ಸುಮಾರು ನೂರು ಹೆಜ್ಜೆ ನಡೆದ ಮೇಲೆ ಅದು ಹಳಿಯಿಂದ ಕಳಚಿಕೊಳ್ಳುತ್ತದೆ, ಅಂದರೆ ದಾಟಿದ್ದು ಸುಮಾರು 1 ಮೈಕ್ರೋಮೀಟರ್ ಅಷ್ಟೇ. ಆದರೆ ಬೆನ್ನುಹುರಿಯಿಂದ ಪಾದದವರೆಗಿನ ನರತಂತು ಸುಮಾರು 1 ಮೀಟರ್! ಸೆಕೆಂಡಿಗೆ 1 ಮೈಕ್ರೋಮೀಟರ್ ವೇಗದಲ್ಲಿ ಎಲ್ಲೂ ನಿಲ್ಲದೆ ನಡೆದರೂ 11 ದಿನಕ್ಕಿಂತ ಹೆಚ್ಚು ಬೇಕು. ಒಂಟಿ ಮೋಟಾರಿಗೆ ಇದು ಆಗದ ಕೆಲಸ.

ಹಾಗಾದರೆ ಒಂದು ಸರಕಿಗೆ ಎಷ್ಟು ಮೋಟಾರು ಹೂಡಿವೆ ಅಂತ ಎಣಿಸೋದು ಹೇಗೆ? ಸುಮಾರು 200 ನ್ಯಾನೋಮೀಟರಿಗಿಂತ ಹತ್ತಿರವಿರುವ ಎರಡು ಚುಕ್ಕಿಗಳು ಸಾಮಾನ್ಯ ಮೈಕ್ರೋಸ್ಕೋಪಿನಲ್ಲಿ ಒಂದೇ ಚುಕ್ಕಿಯಾಗಿ ಕಾಣುತ್ತವೆ. ಇಲ್ಲಿ ಫ್ಲೋರೆಸೆನ್ಸ್ ನೆರವಿಗೆ ಬರುತ್ತದೆ.

1. ಬೆಳಗಿಸುವುದು: ಪ್ರತಿ ಮೋಟಾರಿಗೆ ಹೊಳೆಯುವ ಬಣ್ಣದ ಅಣು ಅಂಟಿಸುತ್ತಾರೆ. ಆಪ್ಟಿಕಲ್ ಫೈಬರ್ ಪಾಠದಲ್ಲಿ ನಾವು ಓದಿದ ಪೂರ್ಣ ಆಂತರಿಕ ಪ್ರತಿಫಲನವೇ ಇಲ್ಲೂ ಇದೆ. ಲೇಸರ್ ಗಾಜಿನಿಂದ ಹಿಂದಿರುಗುವಾಗ ಆಚೆಯ ಸುಮಾರು 100 ನ್ಯಾನೋಮೀಟರ್ ಪದರ ಮಾತ್ರ ಬೆಳಗುತ್ತದೆ, ಉಳಿದದ್ದು ಕತ್ತಲು.

2. ಕೇಂದ್ರ ಹುಡುಕುವುದು: ಮಸುಕು ಚುಕ್ಕಿಗೆ ಗಾಸಿಯನ್ ವಕ್ರರೇಖೆ ಹೊಂದಿಸಿದರೆ ಅದರ ಕೇಂದ್ರ ಒಂದೆರಡು ನ್ಯಾನೋಮೀಟರ್ ನಿಖರತೆಯಲ್ಲಿ ಸಿಗುತ್ತದೆ. ಕೈನೆಸಿನ್ ನಮ್ಮ ಹಾಗೆ ಒಂದಾದ ಮೇಲೊಂದು ಕಾಲಿಟ್ಟು ನಡೆಯುತ್ತದೆ ಅಂತ 2004ರಲ್ಲಿ ತೋರಿಸಿದ್ದು ಹೀಗೆ.

3. ಎಣಿಸುವುದು: ಬಣ್ಣದ ಅಣು ನಿಧಾನವಾಗಿ ಮಂಕಾಗೋದಿಲ್ಲ, ಒಮ್ಮೆಲೇ ಆರಿಹೋಗುತ್ತದೆ. ಹೊಳಪು 800, 600, 400, 200, 0 ಅಂತ ಮೆಟ್ಟಿಲಿನಂತೆ ಇಳಿದರೆ ನಾಲ್ಕು ಅಣು. ಆದರೆ ಹುಷಾರು: ಎಲ್ಲ ಮೋಟಾರಿಗೂ ಬಣ್ಣ ಅಂಟಿರದಿದ್ದರೆ ಎಣಿಕೆ ಕಡಿಮೆ ಬರುತ್ತದೆ.

2012ರಲ್ಲಿ ಹಾರ್ವರ್ಡ್‌ನ ಸಂಶೋಧಕರು ಡಿಎನ್‌ಎ ಮಡಚಿ ಕೃತಕ ಸರಕು ಮಾಡಿ, ಅದಕ್ಕೆ ಬೇಕಾದಷ್ಟೇ ಮೋಟಾರು ಕಟ್ಟಿದರು. ಡೈನೀನ್ ಸಂಖ್ಯೆ ಹೆಚ್ಚಿಸಿದಾಗ ವೇಗ ಹೆಚ್ಚಲಿಲ್ಲ, ಕಳಚದೆ ಸಾಗಿದ ದೂರ ಹೆಚ್ಚಿತು. ವಿರುದ್ಧ ದಿಕ್ಕಿನ ಕೈನೆಸಿನ್, ಡೈನೀನ್ ಎರಡನ್ನೂ ಕಟ್ಟಿದಾಗ ಹಗ್ಗಜಗ್ಗಾಟ ಶುರುವಾಗಿ ಸರಕು ಸಿಕ್ಕಿಬಿತ್ತು. ಒಂದು ಕಡೆಯವನ್ನು ಬಿಡಿಸಿದ ಮೇಲೆ ಮತ್ತೆ ಹೊರಟಿತು.

ಇದು ಬರೀ ಕುತೂಹಲದ ಮಾತಲ್ಲ. ಕೈನೆಸಿನ್‌ನ ಕೆಐಎಫ್5ಎ ಜೀನ್ ಕೆಟ್ಟರೆ ಕಾಲುಗಳು ಬಿಗಿದು ಬಲಹೀನವಾಗುವ ಆನುವಂಶಿಕ ಕಾಯಿಲೆ ಬರುತ್ತದೆ. ಉದ್ದನೆಯ ನರಕ್ಕೇ ಮೊದಲ ಪೆಟ್ಟು. ಬೆಂಗಳೂರಿನ ಇನ್‌ಸ್ಟೆಮ್‌ನಲ್ಲೂ ಈ ಹಳಿ ಮತ್ತು ಮೋಟಾರುಗಳ ಅಧ್ಯಯನ ನಡೆದಿದೆ. ಗದ್ದಲದ ಸಿಗ್ನಲ್‌ನಲ್ಲಿ ಮೆಟ್ಟಿಲು ಹುಡುಕೋದು, ಚಿತ್ರದಲ್ಲಿ ಚುಕ್ಕಿ ಬೆನ್ನಟ್ಟೋದು ಜೀವಶಾಸ್ತ್ರದವರ ಕೆಲಸ ಅಷ್ಟೇ ಅಲ್ಲ. ಅದು ನಮ್ಮ ಸಿಲಬಸ್‌ನಲ್ಲೇ ಇದೆ, ನೋಡ್ರಿ.